ಇಡೀ ಉಕ್ಕಿನ ಪಿಸ್ತೂಲು: ಉಜ್ಜುವ ಮೊದಲು ಚೆನ್ನಾಗಿ ನೋಡಿ

ಪ್ರಶ್ನೆ: ಹಳೇ ಪಿಸ್ತೂಲು ಕೂಡಿಡುವ ಹವ್ಯಾಸ ಈಚೆಗೆ ಹತ್ತಿದೆ. ಮರವೇ ಇಲ್ಲದ, ಪೂರ್ತಿ ಉಕ್ಕಿನ ಚಕಮಕಿ ಪಿಸ್ತೂಲೊಂದು ಮಾರಾಟಕ್ಕೆ ಬಂದಿದೆ. ಹಿಡಿಯ ತುದಿ ಟಗರಿನ ಕೊಂಬಿನ ಹಾಗೆ ಎರಡೂ ಕಡೆ ಸುರುಳಿ ಸುತ್ತಿದೆ. ಸ್ಕಾಟ್ಲೆಂಡಿನದಂತೆ. ಅಸಲಿ ಅಂತ ಹೇಗೆ ತಿಳಿಯೋದು? ತುಕ್ಕು ಉಜ್ಜಿ ಹೊಳಪು ತರಿಸಬಹುದಾ?

ಉತ್ತರ: ಮೊದಲು ಕೊನೆಯ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ದಯವಿಟ್ಟು ಉಜ್ಜಬೇಡಿ. ಈ ಪಿಸ್ತೂಲುಗಳ ಮೈಮೇಲೆ ಕೊರೆದ ಗೆರೆಗಳು ಕೂದಲೆಳೆಯಷ್ಟು ಸಣ್ಣ. ಉಪ್ಪುಕಾಗದ ಒಂದು ಸಲ ಆಡಿದರೆ ಸಾಕು, ಮಾಡಿದವನ ಹೆಸರೂ ಅಳಿಸಿಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ತೆಳುವಾಗಿ ಎಣ್ಣೆ ಹಚ್ಚಿ, ಒಂದೆರಡು ದಿನ ಬಿಟ್ಟು, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಎದ್ದು ಬರುವ ಕೆಂಪು ತುಕ್ಕು ಬರಲಿ. ಕೆಳಗಿನ ಕಂದುಗಪ್ಪು ಬಣ್ಣ ಹಾಗೇ ಇರಲಿ, ವಯಸ್ಸಿನ ಸಾಕ್ಷಿ ಅದೇ. ಬೆವರಿನ ಉಪ್ಪು ಉಕ್ಕಿಗೆ ಶತ್ರು, ಆದ್ದರಿಂದ ಮುಟ್ಟುವಾಗ ಹತ್ತಿಯ ಕೈಗವಸು ಇರಲಿ.

ಇನ್ನು ಅಸಲಿಯ ವಿಷಯ. ಇಂಥ ಪಿಸ್ತೂಲಿಗೆ ಹೆಸರಾದ ಊರು ಸ್ಕಾಟ್ಲೆಂಡಿನ ಡೂನ್. 1646ರ ಸುಮಾರಿಗೆ ಥಾಮಸ್ ಕ್ಯಾಡೆಲ್ ಅಲ್ಲಿ ಕಸುಬು ಶುರು ಮಾಡಿದ. ಆಮೇಲೆ ಕ್ಯಾಂಪ್‌ಬೆಲ್, ಕ್ರಿಸ್ಟಿ, ಮರ್ಡಾಕ್ ಮನೆತನಗಳೂ ಅದೇ ಊರಲ್ಲಿ ಹೆಸರು ಮಾಡಿದವು. ಆದರೆ ಹೆಸರು ನೋಡಿ ಮಾರುಹೋಗಬೇಡಿ, ಹೆಸರು ಕೊರೆಯೋದು ನಕಲಿ ಮಾಡುವವನಿಗೂ ಬರುತ್ತದೆ.

ಎರಡು ಕೊಂಬಿನ ನಡುವೆ ಗೋಲಿಯಂಥ ಒಂದು ಪುಟ್ಟ ಗುಂಡು ಇದೆಯಲ್ವಾ? ಮಾರುವವರ ಒಪ್ಪಿಗೆ ಕೇಳಿ, ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ಅಸಲಿಯಲ್ಲಿ ಅದು ತಿರುಪು. ಬಿಚ್ಚಿದರೆ ಹಿಂದೆಯೇ ಒಂದು ಸೂಜಿ ಹೊರಬರುತ್ತದೆ. ರಂಜಕದ ತೂತಿನಲ್ಲಿ, ಅಂದರೆ ಬೆಂಕಿ ನಳಿಗೆಯೊಳಗಿನ ಮದ್ದಿಗೆ ತಲುಪುವ ಸಣ್ಣ ತೂತಿನಲ್ಲಿ, ಕಟ್ಟಿಕೊಂಡ ಮಸಿ ಚುಚ್ಚಿ ತೆಗೆಯಲು ಇಟ್ಟದ್ದು. ನನಗಂತೂ ಇಡೀ ಪಿಸ್ತೂಲಿನಲ್ಲಿ ತುಂಬಾ ಇಷ್ಟವಾಗುವ ಜಾಗ ಅದೇ. ಅಗ್ಗದ ಎರಕದ ನಕಲಿನಲ್ಲಿ ಆ ಗುಂಡು ಹಿಡಿಗೇ ಅಂಟಿಕೊಂಡಿರುತ್ತದೆ. ತುಕ್ಕು ಹಿಡಿದ ಅಸಲಿಯಲ್ಲೂ ಅದು ಬಿಗಿದಿರಬಹುದು, ಹಾಗಿದ್ದರೆ ಬಲ ಹಾಕಬೇಡಿ. ಭೂತಗನ್ನಡಿ ಹಿಡಿದು ಗೆರೆಗಳನ್ನು ನೋಡಿ. ಉಳಿಯಲ್ಲಿ ಕೊರೆದದ್ದಕ್ಕೆ ಅಂಚು ಚೂಪು. ಎರಕ ಹೊಯ್ದದ್ದು ಸೋಪಿನ ಮೇಲೆ ಗೀರಿದ ಹಾಗೆ ಮೊಂಡು, ಪಕ್ಕದಲ್ಲಿ ಸೂಜಿಮೊನೆಯಂಥ ಗುಳ್ಳೆ ತೂತುಗಳು.

ಟ್ರಿಗರ್ ಗುಂಡಿಯ ಹಾಗಿದ್ದು, ಸುತ್ತ ಕಾಪುಬಳೆ ಇಲ್ಲದಿದ್ದರೆ ಅದು ಕಿತ್ತುಹೋಗಿದೆ ಅಂದುಕೊಳ್ಳಬೇಡಿ. ಇವುಗಳ ರೀತಿಯೇ ಹಾಗೆ. ಪಕ್ಕದಲ್ಲಿ ಸೊಂಟಪಟ್ಟಿಗೆ ಸಿಕ್ಕಿಸುವ ಉದ್ದನೆ ಕೊಕ್ಕೆಯೂ ಇರಬೇಕು.

ಬೆಲೆ ಒಪ್ಪುವ ಮೊದಲು ಕಾಲ ಗೊತ್ತುಮಾಡಿಕೊಳ್ಳಿ. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಸ್ಕಾಟ್ಲೆಂಡಿನ ಗುಡ್ಡಗಾಡಿನ ಜನರ ಹೈಲ್ಯಾಂಡ್ ಉಡುಪಿಗೆ ಹೊಸ ಕಳೆ ಬಂತು. ಉಡುಪಿನ ಜೊತೆ ತೊಡಲು ಪಿಸ್ತೂಲುಗಳೂ ತಯಾರಾದವು. ಅವು ನಕಲಿಯಲ್ಲ, ಚೆಂದದ ಹಳೇ ವಸ್ತುಗಳೇ. ಆದರೆ 1700ರ ಆಸುಪಾಸಿನ ಡೂನ್ ಪಿಸ್ತೂಲಿನ ಬೆಲೆ ಅವಕ್ಕೆ ಕೊಡಬಾರದು.

ಪ್ರಶ್ನೆ: ಇಷ್ಟು ಹಳೇ ಪಿಸ್ತೂಲಿನಲ್ಲಿ ಮದ್ದು ಉಳಿದಿರುತ್ತಾ?

ಉತ್ತರ: ಉಳಿದಿರಬಹುದು. ಒಣಗಿದ್ದರೆ ಕರಿಮದ್ದು ನೂರು ವರ್ಷವಾದರೂ ಕೆಡುವುದಿಲ್ಲ. ನಳಿಗೆಯ ಬಾಯಿ ನಿಮ್ಮ ಕಡೆಗಾಗಲಿ ಬೇರೆಯವರ ಕಡೆಗಾಗಲಿ ತಿರುಗದಂತೆ ಹಿಡಿದು, ಒಂದು ಮರದ ಕಡ್ಡಿಯನ್ನು ಮೆಲ್ಲಗೆ ಒಳಗಿಳಿಸಿ. ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಅದೇ ಕಡ್ಡಿಯನ್ನು ನಳಿಗೆಯ ಹೊರಮೈಗೆ ಇಟ್ಟು ಅಳೆಯಿರಿ. ತುದಿ ರಂಜಕದ ತೂತಿನ ತನಕ ಬಂದರೆ ಖಾಲಿ. ತೂತು ಮುಟ್ಟಲು ಎರಡು ಬೆರಳು ಇರುವಾಗಲೇ ನಿಂತರೆ ಒಳಗೇನೋ ಇದೆ. ಗುಂಡೋ, ಕಸವೋ, ಕೆದಕಿ ನೋಡಲು ಹೋಗಬೇಡಿ. ಟ್ರಿಗರ್ ಎಳೆಯಬೇಡಿ, ಬಿಸಿ ತಾಗಿಸಬೇಡಿ. ಹಳೇ ಕೋವಿಗಳ ಕೆಲಸ ಬಲ್ಲವರನ್ನು ಕರೆಸಿ, ಅವರೇ ತೆಗೆಯಲಿ.