ಒಂದು ಕೆ.ಜಿ. ಉಪಗ್ರಹ: ಹೆಸರಿಗಾ, ಕೆಲಸಕ್ಕಾ?

ಪ್ರಶ್ನೆ: ನಾನು ಹಾಸನದ ಕಡೆ ಕಾಲೇಜೊಂದರಲ್ಲಿ ಫಿಸಿಕ್ಸ್ ಮೇಷ್ಟ್ರು. ಕ್ಯೂಬ್‌ಸ್ಯಾಟ್ ಅನ್ನೋ ಪುಟ್ಟ ಉಪಗ್ರಹ ಮಾಡೋಣ ಅಂತ ನಮ್ಮ ಹುಡುಗರು ಹಟ ಹಿಡಿದಿದ್ದಾರೆ. ಅಂಗೈ ಅಗಲದ ಆ ಡಬ್ಬಿಯಿಂದ ವಿಜ್ಞಾನಕ್ಕೆ ನಿಜಕ್ಕೂ ಉಪಯೋಗ ಇದೆಯಾ, ಇಲ್ಲ ಸುಮ್ನೆ ಪೇಪರಿನಲ್ಲಿ ಫೋಟೊ ಬರೋದಕ್ಕಾ?

ಉತ್ತರ: ಫೋಟೊಗೇ ನಿಂತುಹೋದವೂ ಇವೆ ಮೇಷ್ಟ್ರೇ. ಆದರೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2012ರಲ್ಲಿ ಹಾರಿಸಿದ್ದನ್ನು ನೋಡಿ. 10 ಸೆಂ.ಮೀ. ಡಬ್ಬಿ ಮೂರು ಜೋಡಿಸಿದಷ್ಟು ಗಾತ್ರ. ಒಳಗೆ ಇದ್ದದ್ದು ಭೂಮಿಯ ಕಾಂತಕ್ಷೇತ್ರ ತನ್ನ ಸುತ್ತ ಹಿಡಿದಿಟ್ಟ ವಿಕಿರಣ ಪಟ್ಟಿಗಳ (ಒಳಗೊಂದು, ಹೊರಗೊಂದು) ಕಣಗಳನ್ನು ಎಣಿಸುವ ಒಂದು ಉಪಕರಣ. ಒಳಪಟ್ಟಿಯ ಅಂಚಿನ ಎಲೆಕ್ಟ್ರಾನ್‌ಗಳು ಎಲ್ಲಿಂದ ಬರುತ್ತವೆ ಅನ್ನೋದು ದಶಕಗಳ ಪ್ರಶ್ನೆ. ಬಾಹ್ಯಾಕಾಶದಿಂದ ನುಗ್ಗಿ ಬರುವ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಸಿಡಿಯುವ ನ್ಯೂಟ್ರಾನ್‌ಗಳು ಒಡೆದು ಅವು ಹುಟ್ಟುತ್ತವೆ ಎಂಬುದಕ್ಕೆ ಈ ಡಬ್ಬಿಯ ಅಳತೆ ಸಾಕ್ಷಿಯಾಯಿತು. 2017ರಲ್ಲಿ ‘ನೇಚರ್’ ಪತ್ರಿಕೆ ಅದನ್ನು ಪ್ರಕಟಿಸಿತು. ಒಂದೇ ಪ್ರಶ್ನೆಗೆ ಅಂಟಿಕೊಂಡದ್ದೇ ಅವರ ಜಾಣತನ. ಕ್ಯಾಮೆರಾನೂ ಇರಲಿ, ಇನ್ನೊಂದೂ ಇರಲಿ ಅಂತ ತುಂಬಿದರೆ ಜಾಗವೂ ಸಾಲದು, ಕರೆಂಟೂ ಸಾಲದು.

ನಮ್ಮಲ್ಲೂ ಬೆಂಗಳೂರು, ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಕಟ್ಟಿದ ಸ್ಟುಡ್‌ಸ್ಯಾಟ್ 2010ರ ಜುಲೈ 12ರಂದು ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್‌ನಲ್ಲಿ ಹೋಯಿತಲ್ಲ, ತೂಕ ಒಂದು ಕೆ.ಜಿ.ಗೂ ಕಡಿಮೆ.

ಇಂಥ ಎಷ್ಟೋ ಡಬ್ಬಿಗಳ ಆಂಟೆನಾ ಏನು ಗೊತ್ತೇ? ಬಡಗಿಗಳ ಸ್ಟೀಲ್ ಟೇಪಿನ ತುಂಡು! ಅದನ್ನು ಮಡಚಿ ನೈಲಾನ್ ದಾರದಿಂದ ಬಿಗಿದಿರುತ್ತಾರೆ. ರಾಕೆಟ್‌ನಿಂದ ಹೊರಬಿದ್ದು ಅರ್ಧ ಗಂಟೆ ಕಳೆದ ಮೇಲೆ ಸಣ್ಣ ತಂತಿಯೊಂದು ಕಾದು ದಾರ ಸುಡುತ್ತದೆ. ಟೇಪು ಟಪ್ ಅಂತ ಬಿಚ್ಚಿಕೊಳ್ಳುತ್ತದೆ. ದಾರ ಸುಡಲಿಲ್ಲವೋ, ಉಪಗ್ರಹ ಮೂಕ. ಅದಕ್ಕೇ ಗಾಳಿ ತೆಗೆದ ಪೆಟ್ಟಿಗೆಯಲ್ಲಿ, ಕೊರೆಯುವ ಚಳಿಯಲ್ಲಿ ಮತ್ತೆ ಮತ್ತೆ ಬಿಚ್ಚಿಸಿ ನೋಡಬೇಕು. ಹುಡುಗರು ಜಾಸ್ತಿ ಕಲಿಯುವುದು ಇಲ್ಲೇ.

ನನ್ನ ಕೇಳಿದರೆ, ನೀವು ಮೊದಲು ಕಾಲೇಜಿನ ತಾರಸಿ ಹತ್ತಿ. ಅದೇ ಸ್ಟೀಲ್ ಟೇಪನ್ನು ಪ್ಲಾಸ್ಟಿಕ್ ಪೈಪಿಗೆ ಕಟ್ಟಿದರೆ ಒಳ್ಳೆ ಆಂಟೆನಾ. ಲ್ಯಾಪ್‌ಟಾಪಿಗೆ ಚುಚ್ಚುವ ರೇಡಿಯೊ ರಿಸೀವರ್ ಕೆಲವು ಸಾವಿರಕ್ಕೆ ಸಿಗುತ್ತದೆ. ತಲೆ ಮೇಲೆ ಹಾದುಹೋಗುವ ಉಪಗ್ರಹ ಸುಮಾರು ಹತ್ತು ನಿಮಿಷ ಸಿಗುತ್ತದೆ. ಹತ್ತಿರ ಬರುವಾಗ ಫ್ರೀಕ್ವೆನ್ಸಿ ಏರಿರುತ್ತದೆ, ದೂರ ಸರಿಯುತ್ತ ಇಳಿಯುತ್ತದೆ. ಡಾಪ್ಲರ್ ಪಾಠ ಅಲ್ಲೇ ಆಯಿತಲ್ವಾ? ಸೆಕೆಂಡಿಗೆ ಸುಮಾರು ಏಳೂವರೆ ಕಿ.ಮೀ. ವೇಗವನ್ನು ಹುಡುಗರೇ ಅಂದಾಜು ಮಾಡಲಿ.

ಆಮೇಲೂ ಹಟ ಬಿಡದಿದ್ದರೆ, ಇಡೀ ಉಪಗ್ರಹದ ಬದಲು ಒಂದು ಉಪಕರಣ ಮಾತ್ರ ಮಾಡಿ. ಪಿಎಸ್‌ಎಲ್‌ವಿಯ ಕೊನೆಯ ಹಂತವನ್ನೇ ಇಸ್ರೋ 2022ರಿಂದ ‘ಪೊಯೆಮ್’ ಎಂಬ, ಉಪಕರಣಗಳನ್ನು ಹೊತ್ತು ಭೂಮಿ ಸುತ್ತುವ ವೇದಿಕೆಯಾಗಿ ಬಳಸುತ್ತಿದೆ. ಕಾಲೇಜುಗಳ ಉಪಕರಣಗಳೂ ಅದರಲ್ಲಿ ಹೋಗಿವೆ. ವಿಚಾರಿಸಬೇಕಾದ್ದು, ಇಸ್ರೋ ಹೊರಗಿನವರ ಬಾಹ್ಯಾಕಾಶ ಕೆಲಸಕ್ಕೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಇನ್‌-ಸ್ಪೇಸ್‌ನಲ್ಲಿ.