ಸಿಕ್ ಲೀವ್‌ನಿಂದಲೇ ಕೆಲಸ ಬಿಟ್ಟರೆ ಉಳಿದ ರಜೆಯ ದುಡ್ಡು ಸಿಗುತ್ತಾ?

ಪ್ರಶ್ನೆ: ಇಂಗ್ಲೆಂಡಿನ ಒಂದು ಕೇರ್ ಹೋಮ್‌ನಲ್ಲಿ 5 ವರ್ಷದಿಂದ ಕೆಲಸದಲ್ಲಿದ್ದೇನೆ. ವಾರಕ್ಕೆ 5 ದಿನ, ದಿನಕ್ಕೆ 8 ಗಂಟೆ. ವಯಸ್ಸಾದವರನ್ನು ಎತ್ತಿ ಇಳಿಸಿ ಬೆನ್ನು ಹಾಳಾಯಿತು. 2025ರ ಜನವರಿ 1ರಿಂದ ಸಿಕ್ ಲೀವ್‌ನಲ್ಲಿದ್ದೇನೆ, ಸಿಕ್ ಪೇ ಜುಲೈನಲ್ಲೇ ನಿಂತಿತು. 2026ರ ಮಾರ್ಚ್ ಕೊನೆಗೆ ಕೆಲಸ ಬಿಡೋಣ ಅಂತಿದ್ದೇನೆ. ‘ಕೆಲಸವೇ ಮಾಡಿಲ್ಲ, ರಜೆ ಎಲ್ಲಿಂದ ಬರುತ್ತೆ? ಹೋದ ವರ್ಷದ್ದಂತೂ ಡಿಸೆಂಬರ್‌ಗೇ ಲ್ಯಾಪ್ಸ್. ಕೊಟ್ಟರೂ ಸಿಕ್ ಪೇ ರೇಟಿನಲ್ಲೇ’ ಅಂತಾರೆ ಮ್ಯಾನೇಜರ್. ನಮ್ಮಲ್ಲಿ ರಜೆಯ ವರ್ಷ ಜನವರಿಯಿಂದ ಡಿಸೆಂಬರ್. ಅವರು ಹೇಳೋದು ಸರಿನಾ ಸರ್?
- ಹೆಸರು ಬೇಡ, ಲೆಸ್ಟರ್

ಉತ್ತರ: ಮೂರು ಮಾತು ಹೇಳಿದ್ದಾರೆ, ಮೂರೂ ತಪ್ಪು ಮೇಡಂ.

ಮೊದಲನೆಯದು ನಮ್ಮವರಿಗೂ ಸರಿ ಅನ್ನಿಸಿಬಿಡುತ್ತದೆ. ಯಾಕೆಂದರೆ ನಮ್ಮೂರಿನ ಕಾರ್ಖಾನೆಗಳಲ್ಲಿ 20 ದಿನ ದುಡಿದರೆ 1 ದಿನ ಇಎಲ್ (ಗಳಿಕೆ ರಜೆ), ದುಡಿಯದಿದ್ದರೆ ಇಲ್ಲ. ಬ್ರಿಟನ್ನಿನ ಲೆಕ್ಕವೇ ಬೇರೆ. ಅಲ್ಲಿ 1998ರ ವರ್ಕಿಂಗ್ ಟೈಮ್ ರೆಗ್ಯುಲೇಷನ್ಸ್ ಪ್ರಕಾರ ವರ್ಷಕ್ಕೆ 5.6 ವಾರ, ಅಂದರೆ ನಿಮ್ಮಂತೆ ವಾರಕ್ಕೆ 5 ದಿನದವರಿಗೆ 28 ದಿನ ಸಂಬಳದ ರಜೆ. ಬ್ಯಾಂಕ್ ಹಾಲಿಡೇಗಳನ್ನು, ಅಂದರೆ ಅಲ್ಲಿನ ಸಾರ್ವಜನಿಕ ರಜಾದಿನಗಳನ್ನು, ಇದರೊಳಗೇ ಸೇರಿಸಬಹುದು. ಕಾಯಿಲೆಯಿಂದ ಮನೆಯಲ್ಲಿದ್ದರೂ ಈ ರಜೆ ಬೆಳೆಯುತ್ತಲೇ ಇರುತ್ತದೆ, ಸಿಕ್ ಪೇ ನಿಂತುಹೋದ ಮೇಲೂ. 2009ರಲ್ಲಿ ಯುರೋಪಿಯನ್ ಕೋರ್ಟ್ ಇದನ್ನು ಇತ್ಯರ್ಥ ಮಾಡಿ ಆಗಿದೆ.

ಎರಡನೆಯದು, ಲ್ಯಾಪ್ಸ್ ಆಯಿತು ಅನ್ನೋ ಮಾತು. ಕಾಯಿಲೆಯಿಂದ ತೆಗೆದುಕೊಳ್ಳಲಾಗದ ರಜೆಯಲ್ಲಿ 4 ವಾರದವರೆಗೆ ಮುಂದಿನ ವರ್ಷಕ್ಕೆ ಹೋಗುತ್ತದೆ, ಆ ರಜೆಯ ವರ್ಷ ಮುಗಿದ ಮೇಲೆ 18 ತಿಂಗಳು ಜೀವಂತ ಇರುತ್ತದೆ. 2024ರ ಜನವರಿಯಿಂದ ಇದು ಕಾನೂನಿನಲ್ಲೇ ಬರೆದಿದೆ. ನಿಮ್ಮ 2025ರ ರಜೆ 2027ರ ಜೂನ್ 30ರ ತನಕ ಸಾಯೋದಿಲ್ಲ. ‘ನೀವು ಮುಂಚೆ ಅರ್ಜಿ ಕೊಟ್ಟಿರಲಿಲ್ವಲ್ಲ’ ಅಂತ ಇನ್ನೊಂದು ರಾಗ ತೆಗೆದರೆ ಅದಕ್ಕೂ ಉತ್ತರ ಇದೆ. 2012ರಲ್ಲಿ ಲೀಡ್ಸ್‌ನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ನೌಕರರೊಬ್ಬರ ಕೇಸಿನಲ್ಲಿ, ವರ್ಷವಿಡೀ ಕಾಯಿಲೆಯಲ್ಲಿದ್ದವರು ರಜೆಗೆ ಅರ್ಜಿ ಹಾಕಿರಬೇಕಿಲ್ಲ, ಕೆಲಸ ಹೋದಾಗ ದುಡ್ಡು ಕೊಡಬೇಕು ಅಂತ ಅಪೀಲ್ ಕೋರ್ಟ್ ಹೇಳಿದೆ.

ಹಾಗಾದರೆ ಲೆಕ್ಕ ಹಾಕೋಣ. 2025ರಿಂದ 4 ವಾರ ಅಂದರೆ 20 ದಿನ, ಈ ವರ್ಷದ ಮೂರು ತಿಂಗಳಿಗೆ 28ರ ಕಾಲು ಭಾಗ 7 ದಿನ, ಒಟ್ಟು 27. 2025ರ ಮಿಕ್ಕ 8 ದಿನ ನಿಮ್ಮ ಕಾಂಟ್ರ್ಯಾಕ್ಟ್ ಮೇಲೆ ನಿಂತಿದೆ. ಅದನ್ನೂ ಮುಂದಕ್ಕೆ ಒಯ್ಯಬಹುದು ಅಂತ ಅದರಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಮ್ಮೆ ತೆಗೆದು ಓದಿ.

ಇನ್ನು ರೇಟು. ರಜೆಯ ದುಡ್ಡು ನಿಮ್ಮ ಮಾಮೂಲಿ ಸಂಬಳದ ಲೆಕ್ಕದಲ್ಲೇ ಬರಬೇಕು. ಸಂಬಳ ಎಷ್ಟು ಅಂತ ನೀವು ಬರೆದಿಲ್ಲ, 2026ರ ಮಾರ್ಚ್‌ವರೆಗಿನ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಹಿಡಿದರೂ ದಿನಕ್ಕೆ 97.68, 27 ದಿನಕ್ಕೆ ತೆರಿಗೆ ಕಳೆಯುವ ಮುಂಚೆ ಸುಮಾರು 2,637 ಪೌಂಡ್. ಅದೇ ಅವಧಿಯ, ವಾರಕ್ಕೆ 118.75ರ ಸಿಕ್ ಪೇ ಹಿಡಿದರೆ ಬರೋದು ಬರೀ 641. ವ್ಯತ್ಯಾಸ ನೋಡಿ, ಮ್ಯಾನೇಜರ್‌ಗೆ ಆ ರೇಟು ಯಾಕೆ ಇಷ್ಟ ಅಂತ ಗೊತ್ತಾಗುತ್ತೆ.

ನೀವು ಕೇಳದ ಒಂದು ವಿಷಯ ಹೇಳುತ್ತೇನೆ, ನನಗೆ ಅದೇ ಮುಖ್ಯ ಅನ್ನಿಸುತ್ತಿದೆ. ಅವಸರಪಟ್ಟು ರಾಜೀನಾಮೆ ಬರೆಯಬೇಡಿ. ಆರೋಗ್ಯದ ಕಾರಣಕ್ಕೆ ಅವರೇ ನಿಮ್ಮನ್ನು ತೆಗೆದರೆ 5 ವರ್ಷಕ್ಕೆ ಕನಿಷ್ಠ 5 ವಾರದ ನೋಟಿಸ್ ಕೊಡಬೇಕು, ಸಿಕ್ ಪೇ ಮುಗಿದಿದ್ದರೂ ಆ ವಾರಗಳಿಗೆ ಸಾಮಾನ್ಯವಾಗಿ ಪೂರ್ತಿ ಸಂಬಳ ಬರುತ್ತದೆ. (ಕಾಂಟ್ರ್ಯಾಕ್ಟ್‌ನಲ್ಲಿ ಅವರು ಕೊಡಬೇಕಾದ ನೋಟಿಸ್ ಇದಕ್ಕಿಂತ ಒಂದು ವಾರವೋ ಹೆಚ್ಚೋ ಜಾಸ್ತಿ ಇದ್ದರೆ ಈ ಮಾತು ಅನ್ವಯಿಸುವುದಿಲ್ಲ, ವಿಚಿತ್ರ ನಿಯಮ, ಆದರೆ ಹಾಗೇ ಇದೆ.) ನೀವಾಗಿಯೇ ಬಿಟ್ಟರೆ ಆ ದುಡ್ಡಿನಲ್ಲಿ ಹೆಚ್ಚಿನ ಪಾಲು ಕೈತಪ್ಪುತ್ತದೆ. ಅದೂ ಅಲ್ಲದೆ, ವರ್ಷ ದಾಟಿದ ಬೆನ್ನುನೋವು ದಿನನಿತ್ಯದ ಕೆಲಸಕ್ಕೇ ಅಡ್ಡಿಯಾಗಿದ್ದರೆ 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಅಂಗವೈಕಲ್ಯ ಅಂತ ಪರಿಗಣಿಸುವ ಸಾಧ್ಯತೆ ಇದೆ. ಎತ್ತುವ ಕೆಲಸ ಬಿಟ್ಟು ಹಗುರದ ಕೆಲಸ ಕೊಡಿ, ಗಂಟೆ ಕಡಿಮೆ ಮಾಡಿ ಅಂತ ಕೇಳುವ ಹಕ್ಕು ಆಗ ನಿಮ್ಮದು. ಕೇಳಿದ್ದೀರಾ? ಸ್ಪಾನ್ಸರ್ ವೀಸಾದಲ್ಲಿದ್ದರೆ ಇನ್ನೂ ಹುಷಾರು. ನೀವು ಬಿಟ್ಟ ಮೇಲೆ 10 ಕೆಲಸದ ದಿನದೊಳಗೆ ಅವರು ಹೋಮ್ ಆಫೀಸ್‌ಗೆ (ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ) ತಿಳಿಸಬೇಕು, ಆಮೇಲೆ ಬೇರೆ ಸ್ಪಾನ್ಸರ್ ಹುಡುಕಲು ಸಾಮಾನ್ಯವಾಗಿ ಸಿಗೋದು 60 ದಿನ.

ಇಷ್ಟಾದರೂ ಬಿಡುವುದೇ ಅಂತಾದರೆ ರಾಜೀನಾಮೆ ಇಮೇಲ್‌ನಲ್ಲೇ ‘27 ದಿನದ ರಜೆಯ ಹಣವನ್ನು ಕೊನೆಯ ಸಂಬಳದ ಜೊತೆ ಕೊಡಿ’ ಅಂತ ಲೆಕ್ಕ ಸಮೇತ ಬರೆಯಿರಿ. ಫೋನಿನಲ್ಲಿ ಮಾತಾಡಿ ಸುಮ್ಮನಾಗಬೇಡಿ. ಕೊಡದಿದ್ದರೆ ಕೆಲಸದ ತಕರಾರುಗಳಲ್ಲಿ ಸಲಹೆ ಕೊಟ್ಟು ರಾಜಿ ಮಾಡಿಸುವ ಸಂಸ್ಥೆ ಏಕಾಸ್‌ಗೆ ಫೋನ್ ಮಾಡಿ, 0300 123 1100, ದುಡ್ಡು ಕೇಳೋದಿಲ್ಲ. ಟ್ರಿಬ್ಯೂನಲ್‌ಗೆ (ನೌಕರಿ ವ್ಯಾಜ್ಯಗಳ ನ್ಯಾಯಮಂಡಳಿ) ಹೋಗುವ ಮೊದಲು ಅವರ ರಾಜಿ ಪ್ರಯತ್ನ ಆಗಲೇಬೇಕು, ಅದನ್ನು ಶುರು ಮಾಡಲು ಗಡುವು ದುಡ್ಡು ಬರಬೇಕಾಗಿದ್ದ ದಿನದಿಂದ ಮೂರು ತಿಂಗಳಿಗೆ ಒಂದು ದಿನ ಕಡಿಮೆ. ಮಾರ್ಚ್ 31ಕ್ಕೆ ಬರಬೇಕಿದ್ದರೆ ಜೂನ್ 30 ಕೊನೆ. ‘ಮುಂದಿನ ತಿಂಗಳು ನೋಡೋಣ’ ಅಂತ ಆಫೀಸಿನವರು ಎಷ್ಟು ಸಲ ಹೇಳಿದರೂ ಆ ತಾರೀಕು ಮುಂದಕ್ಕೆ ಹೋಗುವುದಿಲ್ಲ.