ಮನೇಲಿ ಹೇಳೋಕೆ ಮುಂಚೆ

ಪ್ರಶ್ನೆ: ಅಕ್ಕಾ, ನಾನು ಡಿಗ್ರಿ ಸೆಕೆಂಡ್ ಇಯರ್ ಹುಡುಗ. ನಂಗೆ ಹುಡುಗರ ಮೇಲೇ ಮನಸ್ಸಾಗೋದು ಅಂತ ಹೈಸ್ಕೂಲಿಂದಾನೇ ಗೊತ್ತು. ಒಬ್ಬ ಫ್ರೆಂಡ್‌ಗೆ ಮಾತ್ರ ಹೇಳಿದೀನಿ, ಅವನು ಸ್ವಲ್ಪ ಹೊತ್ತು ಸುಮ್ನಿದ್ದು ‘ಸರಿ, ಕ್ಲಾಸಿಗೆ ಲೇಟಾಯ್ತು ಬಾ’ ಅಂದ, ಅಷ್ಟೇ. ಈಗ ಮನೇಲೂ ಹೇಳ್ಬಿಡೋಣ ಅನ್ಸತ್ತೆ. ಆದ್ರೆ ಅಪ್ಪ ಫೀಸ್ ಕಟ್ಟೋದು ನಿಲ್ಲಿಸಿಬಿಟ್ರೆ? ಹೇಳ್ದೇ ಇದ್ರೆ ಮೋಸ ಅಲ್ವಾ?

ಉತ್ತರ: ಮೋಸ ಅಲ್ಲಪ್ಪ, ಆ ಮಾತು ಮೊದಲು ತಲೆಯಿಂದ ತೆಗೆದುಹಾಕು. ನಿನ್ನ ವಿಷ್ಯ, ಯಾವಾಗ ಯಾರಿಗೆ ಅನ್ನೋದು ನಿನ್ನಿಷ್ಟ. ಫೀಸಿನ ಭಯ ಇದ್ಯಲ್ಲ, ಅದನ್ನ ಹೇಡಿತನ ಅಂದ್ಕೋಬೇಡ, ಓದು, ಊಟ, ಮಲಗೋ ಜಾಗ ಮೂರೂ ಅಪ್ಪನ ಕೈಲಿರೋವಾಗ ಕಾಯೋದೇ ಬುದ್ಧಿವಂತಿಕೆ, ಡಿಗ್ರಿ ಮುಗಿದು ಕೆಲ್ಸ ಸಿಕ್ಕಿದ ಮೇಲೆ ಹೇಳಿದೋರು ಎಷ್ಟೋ ಜನ ಇದಾರೆ.

ಅಲ್ಲೀವರೆಗೆ ಒಬ್ಬನೇ ನುಂಗ್ಕೊಂಡು ಕೂರಬೇಡ. ಕಾಲೇಜಲ್ಲಿ ಕೌನ್ಸೆಲರ್ ಇದ್ರೆ ಹೋಗು, ಆದ್ರೆ ಬಾಯಿ ಬಿಡೋ ಮುಂಚೆ ‘ಇದು ಮನೆಗೆ ಹೋಗತ್ತಾ?’ ಅಂತ ನೇರವಾಗೇ ಕೇಳು. ಯಾರಾದ್ರೂ ಇದನ್ನ ಗುಣ ಮಾಡ್ತೀನಿ ಅಂದ್ರೆ ಎದ್ದು ಬಾ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನ ರೋಗಗಳ ಪಟ್ಟಿಯಿಂದ ತೆಗೆದಿದೆ. ನಿನ್ನಂಥ ಸ್ಟೂಡೆಂಟ್ಸ್ ಗುಂಪು ಇದ್ರೆ ಸುಮ್ನೆ ಹೋಗಿ ಹಿಂದೆ ಕೂತ್ಕೋ ಸಾಕು. ಇಂಥ ಗುಂಪು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ, ಅಮೆರಿಕದ ಕೊಲಂಬಿಯಾ ಯೂನಿವರ್ಸಿಟಿಲಿ 1967ರಲ್ಲೇ ಇತ್ತು.

ಮನೇಲಿ ಹೇಳೋ ದಿನ ಬಂದಾಗ ಜಗಳದ ಮಧ್ಯೆ ಮಾತ್ರ ಹೇಳ್ಬೇಡ (ಸಿಟ್ಟಲ್ಲಿ ಬಾಯಿಗೆ ಬರೋದು ಇದೇ, ನೋಡಿದೀನಿ). ಮನೇಲಿ ಯಾರು ಮೆತ್ತಗಿದಾರೋ ಅವರಿಂದ ಶುರು ಮಾಡು, ಅಕ್ಕನೋ ಅಮ್ಮನೋ. ಅಳಬಹುದು, ನಾಲ್ಕು ದಿನ ಮಾತು ಬಿಡಬಹುದು, ನಿಂಗೆ ಒಪ್ಕೊಳ್ಳೋಕೇ ವರ್ಷಗಳು ಹಿಡೀತಲ್ವಾ. ಅವರಿಗೂ ಮನಸ್ಸು ಬಿಚ್ಚೋಕೆ ಯಾರಾದ್ರೂ ಬೇಕು. ನ್ಯೂಯಾರ್ಕಲ್ಲಿ ಜೀನ್ ಮ್ಯಾನ್‌ಫೋರ್ಡ್ ಅನ್ನೋ ಟೀಚರಮ್ಮ 1972ರಲ್ಲಿ ನಿನ್ನಂಥೋನೇ ಆದ ಮಗನ ಜೊತೆ ಬೋರ್ಡ್ ಹಿಡ್ಕೊಂಡು ನಿಮ್ಮಂಥೋರ ಹಕ್ಕಿನ ಮೆರವಣಿಗೇಲಿ ನಡೆದ್ರು, ಎಷ್ಟೊಂದು ಜನ ಬಂದು ನಮ್ಮಪ್ಪ ಅಮ್ಮನ ಹತ್ರ ಒಂಚೂರು ಮಾತಾಡಿ ಅಂತ ಕೇಳ್ಕೊಂಡ್ರಂತೆ, ಮುಂದಿನ ವರ್ಷವೇ ಅಪ್ಪ-ಅಮ್ಮಂದಿರ ಗುಂಪು ಶುರುವಾಯ್ತು.

ಇನ್ನು ಆ ಫ್ರೆಂಡು. ‘ಲೇಟಾಯ್ತು ಬಾ’ ಅಂದ ಅಂತ ಬೇಜಾರ್ ಮಾಡ್ಕೊಂಡಿದೀಯ ಅನ್ಸತ್ತೆ. ಬಿಟ್ಟು ಹೋಗಿಲ್ವಲ್ಲೋ, ಬಾ ಅಂತ ಕರೆದಿದಾನೆ! ಯಾರಿಗೂ ಹೇಳ್ಬೇಡ ಕಣೋ ಅಂತ ಮಾತ್ರ ನಾಳೇನೇ ಬಾಯಿಬಿಟ್ಟು ಹೇಳ್ಬಿಡು, ಅದು ಅವನಿಗೆ ಹೊಳೆದೇ ಇರಬಹುದು.